ಗೋಡೆಯ ಮೇಲಿನ ಹಿಡಿ

“ಗುರುಗಳೇ, ನನ್ನ ವ್ರತವನ್ನು ಇನ್ನು ಬಿಡಬಹುದೇ?” ಎಂದು ಕರಿಬಸಯ್ಯ ಕೇಳಿದ.

ಕರಿಬಸಯ್ಯ ಮಠದ ಶಿಷ್ಯ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎರಡು ವರ್ಷದ ಹಿಂದೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಹಾಲಮ್ಮನಿಗೆ ಅವನು ಆಡಿದ ಮಾತು ಕೇಳಿ ಆ ಮುದುಕಿ ಗಂಟು ಕಟ್ಟಿಕೊಂಡು ಹೊರಟುಬಿಟ್ಟಿದ್ದಳು. ಗುರುಗಳೇ ಬಸ್ ಸ್ಟ್ಯಾಂಡಿಗೆ ಹೋಗಿ ಅವಳನ್ನು ಕರೆತಂದರು. ಅಂದೇ ಶಿಷ್ಯನಿಗೆ ಒಂದು ವ್ರತ ಕೊಟ್ಟರು. ಕೋಪ ಬಂದಾಗ ಮಾತಾಡಕೂಡದು. ಮಾತಾಡಬೇಕಾದರೆ ಕೋಪ ಇಳಿದಿರಬೇಕು.

“ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಮನಸ್ಸು ಹಿಡಿತಕ್ಕೆ ಬಂದಿದೆ. ಇನ್ನೂ ಈ ಕಟ್ಟು ಯಾಕೆ?”

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಕೋಳಿಮರಿ ಮಾಡಿಸಿ ಮಾರಿ ಬದುಕುತ್ತಿದ್ದಳು. ಮೊಟ್ಟೆಗಳನ್ನು ಕರೆಂಟಿನ ಕಾವಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಇಪ್ಪತ್ತೊಂದು ದಿನ ಬಿಸಿ ಒಂದೇ ಹದದಲ್ಲಿ ಇರಬೇಕು. ತಾಯಿಕೋಳಿ ಕಾವಿನಿಂದ ಎದ್ದು ಹೋದರೆ ಮೇಯ್ದು ಬರುತ್ತದೆ. ಕರೆಂಟು ಎದ್ದು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಅದಕ್ಕೆ ಅವಳು ಒಂದು ಜನರೇಟರ್ ತಂದಳು.

ಎದುರು ಮನೆಯ ಹಿಟ್ಟಿನ ಗಿರಣಿಯವನು ಒಂದು ವೈರ್ ಹಿಡಿದುಕೊಂಡು ಬಂದ. ಅದರ ಎರಡು ತುದಿಗೂ ಪಿನ್ನು. ಒಂದು ತುದಿಯನ್ನು ಜನರೇಟರಿಗೆ ಚುಚ್ಚು, ಇನ್ನೊಂದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚು, ಇಡೀ ಮನೆಗೆ ಕರೆಂಟು ಎಂದ. ಮೊದಲು ಮೈನ್ ಸ್ವಿಚ್ ಆಫ್ ಮಾಡುವುದನ್ನು ಮಾತ್ರ ಮರೆಯಬೇಡ ಎಂದ. ಆ ಬೀದಿಯಲ್ಲಿ ಜನರೇಟರ್ ಇದ್ದವರೆಲ್ಲ ಹಾಗೆಯೇ ನಡೆಸುತ್ತಿದ್ದರು.

ವೈರಿಂಗ್ ಕೆಲಸದವನು ಬಂದು ಆ ವೈರ್ ನೋಡಿದ. ಕೈಯಲ್ಲಿ ಮುಟ್ಟಲೂ ಇಲ್ಲ. ಜನರೇಟರ್ ಓಡುವಾಗ ಗೋಡೆಯಿಂದ ಪಿನ್ನು ಕಳಚಿ ಬಂದರೆ, ಅದನ್ನು ಹಿಡಿದವರ ಕತೆ ಅಲ್ಲಿಗೇ ಮುಗಿಯಿತು ಎಂದ. ಮೈನ್ ಆಫ್ ಮಾಡಲು ಮರೆತರೆ ಮನೆಯ ಕರೆಂಟು ಬೀದಿಯ ಕಂಬಕ್ಕೆ ಹರಿದು, ಅಲ್ಲಿ ತಂತಿ ಮುಟ್ಟಿದವನ ಜೀವ ತೆಗೆಯುತ್ತದೆ ಎಂದ. ಹೊಗೆ ಒಳಗೆ ತುಂಬಿದರೆ ಜೀವಕ್ಕೆ ಅಪಾಯವೆಂದು ಜನರೇಟರನ್ನು ಮನೆಯಿಂದ ದೂರಕ್ಕೆ, ಹಿತ್ತಲ ತುದಿಗೆ ಸಾಗಿಸಿದ. ಆಮೇಲೆ ಒಳಗೋಡೆಗೆ ಒಂದು ಚೇಂಜ್ ಓವರ್ ಸ್ವಿಚ್ ಕೂರಿಸಿದ.

ಅದಕ್ಕೊಂದು ಹಿಡಿ. ಮೇಲಿಟ್ಟರೆ ಮನೆಗೆ ಕಂಬದ ಕರೆಂಟು. ಕೆಳಗಿಟ್ಟರೆ ಜನರೇಟರಿನ ಕರೆಂಟು. ನಡುವೆ ನಿಲ್ಲಿಸಿದರೆ ಎರಡೂ ಇಲ್ಲ. ಎರಡೂ ಒಟ್ಟಿಗೆ ಸೇರುವ ದಾರಿಯನ್ನೇ ಆ ಡಬ್ಬಿಯಲ್ಲಿ ಇಟ್ಟಿಲ್ಲ.

ಹೆಂಗಸು ಗಟ್ಟಿಗಿತ್ತಿ. ಹಿಡಿ ಇದ್ದರೂ ಅದನ್ನು ಎಳೆಯುವ ಮೊದಲು ತಪ್ಪದೆ ಮೈನನ್ನೂ ಆಫ್ ಮಾಡುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು. ಹಿಡಿ ಬಹಳ ಬಿಗಿ. ಎಳೆದಾಗಲೆಲ್ಲ ಭುಜ ನೋಯುತ್ತಿತ್ತು. ಗಿರಣಿಯವನು ಕಂಡಾಗಲೆಲ್ಲ, “ಏನವ್ವಾ, ಗೋಡೆ ಜೊತೆ ಕುಸ್ತಿ ಆಯ್ತಾ?” ಎಂದು ಕೆಣಕುತ್ತಿದ್ದ. ಒಂದು ದಿನ ಅವಳು ವೈರಿಂಗ್ ಕೆಲಸದವನನ್ನು ಕರೆಸಿದಳು.

“ಇದನ್ನ ಕಿತ್ತುಹಾಕಪ್ಪ. ಎರಡು ವರ್ಷದಲ್ಲಿ ನಾನು ಒಂದು ಸಲಾನೂ ಮೈನ್ ಮರೆತಿಲ್ಲ.”

“ಮರೀದೇ ಇರೋ ದಿನಕ್ಕೆ ಅದು ಬೇಕಾಗಿಲ್ಲ, ಅಕ್ಕಾ. ಮರೆಯೋ ದಿನಕ್ಕೆ ಇರಲಿ,” ಎಂದು ಅವನು ಹಿಡಿಯ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಚಹಾ ಕುಡಿದು ಹೋದ.

ಅವಳಿಗೆ ಸಿಟ್ಟು ಬಂತು. ತನ್ನ ನೆನಪಿನ ಮೇಲೆ ಅನುಮಾನ ಪಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅದೇ ತಿಂಗಳು ಅವಳ ಪೆಟ್ಟಿಗೆಯಲ್ಲಿ ಐನೂರು ಮೊಟ್ಟೆ ಇದ್ದವು. ಹತ್ತೊಂಬತ್ತನೆಯ ದಿನ. ಮೊಟ್ಟೆಗೆ ಕಿವಿಯಿಟ್ಟರೆ ಒಳಗಿನ ಸದ್ದು ಕೇಳುವ ಹೊತ್ತು. ಮಧ್ಯಾಹ್ನ ಅವಳು ಸಂತೆಗೆ ಹೋಗಿದ್ದಾಗ ದೊಡ್ಡ ಗಾಳಿ ಎದ್ದಿತು. ಅವಳ ಮನೆಯ ಮುಂದೆ ಬೇವಿನ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ತಂತಿ ತುಂಡಾಯಿತು. ಲೈನ್‌ಮನ್ ಬಂದು ಕಂಬ ಹತ್ತಿದ. ಅವನು ಗಿರಣಿಯವನ ಸ್ವಂತ ತಮ್ಮ. ಹತ್ತುವ ಮೊದಲು ಮೇಲಿನ ಲೈನ್ ಬಂದ್ ಮಾಡಿಸಿಕೊಂಡಿದ್ದ. ಕರೆಂಟು ಬರುವ ದಿಕ್ಕು ಅವನಿಗೆ ಅದೊಂದೇ. ಮನೆಯೊಳಗಿನಿಂದ ಕಂಬಕ್ಕೆ ಬರುತ್ತದೆಂದು ಯಾರು ಎಣಿಸುತ್ತಾರೆ?

ಹೆಂಗಸು ಸಂತೆಯಿಂದ ಓಡಿ ಬಂದಳು. ಹತ್ತಿರವಾಗುತ್ತದೆಂದು ಹಿತ್ತಲ ದಾರಿ ಹಿಡಿದಳು. ಮುಂದಿನ ಬೀದಿಯನ್ನು ನೋಡಲೇ ಇಲ್ಲ. ಪೆಟ್ಟಿಗೆ ಮುಟ್ಟಿದಳು; ತಣ್ಣಗಾಗುತ್ತಿತ್ತು. ಮೊಟ್ಟೆಯೊಂದಕ್ಕೆ ಕಿವಿಯಿಟ್ಟಳು, ಸದ್ದು ಕ್ಷೀಣವಾಗಿ ಕೇಳಿತು. ಅವಳಿಗೆ ದಿಕ್ಕು ತೋಚಲಿಲ್ಲ. ಒಂದೇ ಏಟಿಗೆ ಹಿಡಿಯನ್ನು ಕೆಳಗೆ ಎಳೆದಳು. ಹಿತ್ತಲಿಗೆ ಓಡಿ ಜನರೇಟರ್ ಶುರು ಮಾಡಿದಳು. ಒಳಗೆ ಬಂದಾಗ ಮನೆ ಬೆಳಗಿತ್ತು. ಪೆಟ್ಟಿಗೆ ಬಿಸಿಯೇರತೊಡಗಿತು.

ಜನರೇಟರಿನ ಸದ್ದು ಬೀದಿಗೆ ಕೇಳಿತು. ಕಂಬದ ಬುಡದಲ್ಲಿ ಹಗ್ಗ ಹಿಡಿದು ನಿಂತಿದ್ದ ಗಿರಣಿಯವನು ಬೆಚ್ಚಿ ಮೇಲೆ ತಮ್ಮನನ್ನು ನೋಡಿದ. ಹಗ್ಗ ಬಿಟ್ಟು ಅವಳ ಮನೆಯೊಳಗೆ ನುಗ್ಗಿದ.

“ಮೈನ್ ಆಫ್ ಮಾಡಿದೀಯೇನವ್ವಾ? ನನ್ ತಮ್ಮ ಮೇಲಿದಾನೆ!”

ಅವಳು ತಿರುಗಿ ನೋಡಿದಳು. ಮೈನ್ ಆಫ್ ಆಗಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳು ಮರೆತಿದ್ದಳು.

ಆದರೆ ಹಿಡಿಯನ್ನು ಮರೆಯುವ ಹಾಗೆಯೇ ಇರಲಿಲ್ಲ. ಅದನ್ನು ಎಳೆಯದಿದ್ದರೆ ಜನರೇಟರಿನ ಕರೆಂಟು ಮನೆಯೊಳಗೆ ಬರುವುದೇ ಇಲ್ಲ. ಎಳೆದರೆ ಹೊರಗೆ ಹೋಗುವುದೇ ಇಲ್ಲ. ಆ ಹೊತ್ತಿನಲ್ಲಿ ಇದನ್ನು ಯೋಚಿಸುವಷ್ಟು ಬುದ್ಧಿ ಇಬ್ಬರಲ್ಲಿ ಯಾರಿಗೂ ಉಳಿದಿರಲಿಲ್ಲ. ಇಬ್ಬರೂ ಬೀದಿಗೆ ಓಡಿದರು.

ಕಂಬದ ಮೇಲೆ ಲೈನ್‌ಮನ್ ಎರಡು ಕೈಯಲ್ಲೂ ತಂತಿ ಹಿಡಿದು ಬಿಗಿಯುತ್ತಿದ್ದ. ಅಣ್ಣನನ್ನು ಕಂಡು ಗದರಿದ.

“ಹಗ್ಗ ಬಿಟ್ಟು ಎಲ್ಲಿಗೆ ಹೋಗಿದ್ದೆ? ಹಿಡ್ಕೋ ಬಾ!”

ಗಿರಣಿಯವನು ಬೀದಿಯ ಮಧ್ಯದಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ. ಆಮೇಲೆ ನಕ್ಕ. ನಗುತ್ತಲೇ ಎದ್ದು ಹಗ್ಗ ಹಿಡಿದ. ಹೆಂಗಸು ಒಳಗೆ ಹೋಗಿ ಆ ಬಿಗಿ ಹಿಡಿಗೆ ಹಣೆ ಮುಟ್ಟಿಸಿದಳು. ಸಂಜೆಯೊಳಗೆ ಬೀದಿಗೆಲ್ಲ ಕರೆಂಟು ಬಂತು.

ಇಪ್ಪತ್ತೊಂದನೆಯ ದಿನ ಮೊಟ್ಟೆಗಳು ಒಡೆದವು. ನಾನೂರ ಅರವತ್ತು ಮರಿ! ಅವುಗಳ ಗಲಾಟೆಯಲ್ಲಿ ಆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಹೆಂಗಸು ಮೊದಲ ಮರಿಯನ್ನು ತೆಗೆದು ಲೈನ್‌ಮನ್ನನ ಅಂಗೈಯಲ್ಲಿಟ್ಟಳು. ಗಿರಣಿಯವನು ತನ್ನ ಎರಡು ಪಿನ್ನಿನ ವೈರನ್ನು ಬೀದಿಗೆ ತಂದು, ಎಲ್ಲರೆದುರು ತುಂಡು ತುಂಡು ಮಾಡಿದ. ಮೂರು ತಿಂಗಳಲ್ಲಿ ಆ ಬೀದಿಯ ಜನರೇಟರ್ ಇದ್ದ ಮನೆಗಳಿಗೆಲ್ಲ ಒಂದೊಂದು ಹಿಡಿ ಬಂತು. ಆಯುಧಪೂಜೆಯ ದಿನ ಅವಳು ಪ್ರತಿ ವರ್ಷ ಜನರೇಟರಿಗೆ ಹಾರ ಹಾಕುತ್ತಿದ್ದಳು. ಆ ವರ್ಷ ಹಾರ ಹಿಡಿಗೆ ಹೋಯಿತು. ಜನರೇಟರಿಗೆ ಒಂದು ಹೂವಷ್ಟೇ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಒಳಗಿನಿಂದ ಹಾಲಮ್ಮ, “ತಟ್ಟೆ ಹಾಕೀನಿ, ಇಬ್ಬರೂ ಬರ್ರಿ,” ಎಂದು ಕೂಗಿದಳು.

“ಆದರೆ ಗುರುಗಳೇ, ಎರಡು ವರ್ಷದಲ್ಲಿ ನಾನು ಒಂದು ಸಲವೂ…” ಎಂದು ಕರಿಬಸಯ್ಯ ಶುರು ಮಾಡಿದ.

“ಹಾಲಮ್ಮ ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದ್ದಾಳೆ; ಈಗ ಹೇಳು, ನಿನ್ನ ಆ ಹಿಡಿಯನ್ನು ಕಿತ್ತುಬಿಡೋಣವೇ?” ಎಂದರು ಗುರುಗಳು.