ಬಾಲ ಕಚ್ಚಿಕೊಂಡು ಪರದೇಶಕ್ಕೆ

ಸುಂಡಿಲಿ ಸಾವಂತ್ರವ್ವನಿಗೆ ಎಳೆಯ ಮರಿಗಳು ನಾಲ್ಕು. ಕಣ್ಣು ಮಂದವಾದ ಕುಲ ಅದು. ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ತಾಯಿಯ ಹಿಂದೆ ಸಾಲಾಗಿ ಹೋಗಬೇಕು. ಅಂಥವಳಿಗೆ ಕಾಲುವೆಯಾಚೆಯ ಪರದೇಶದಲ್ಲಿ ಒಂದು ತಿಂಗಳು ರಜೆ ಕಳೆಯುವ ಚಪಲ ಹತ್ತಿತು, ನೋಡಿ.

"ಸೇತುವೆ ಕಾಯೋ ಹೆಗ್ಗಣ ತಲೆಗೊಂದು ಕಡಲೆಕಾಯಿ ಕೇಳ್ತಾನೆ. ನಮ್ಮತ್ರ ಇರೋದೇ ಐದು ಕಾಯಿ, ಅಲ್ಲಿ ಹೋಗಿ ತಿನ್ನೋದೇನು? ಕಾಲುವೆಗೆ ಅಡ್ಡ ಬಿದ್ದಿರೋ ಬಿದಿರು ಬೊಂಬಿನ ಮೇಲೆ ಪುಕ್ಕಟೆ ದಾಟ್ತೀವಿ," ಎಂದಳು.

"ಮರಿಗಳನ್ನ ಕೇಳಿದೆಯೇನೆ?" ಎಂದಳು ಗೋಡೆಯ ಮೇಲಿನ ಹಲ್ಲಿ ನಿಂಗಿ.

"ಒಬ್ಬರೂ ಬೇಡ ಅಂದಿಲ್ಲ."

ಬಾಯಿತುಂಬ ಬಾಲ ಇಟ್ಟುಕೊಂಡವರು ಏನಂತ ಅಂದಾರು, ಪಾಪ.

ಬೊಂಬಿನ ನಡುವೆ ಕೊನೆಯ ಮರಿ, "ಅವ್ವಾ, ಉಚ್ಚೆ," ಎಂದಿತು. ಬಾಯಿ ತೆರೆದದ್ದೇ ಬಾಲ ಜಾರಿತು. ಕೆಳಗೆ ನೀರು ಮೊರೆಯುತ್ತಿತ್ತು. ಸಾವಂತ್ರವ್ವನ ಜೀವ ಬಾಯಿಗೆ ಬಂತು. ಮೂರು ಮರಿಗಳ ಬೆನ್ನ ಮೇಲೇ ಹರಿದು ಹಿಂದಕ್ಕೆ ಬಂದರೆ, ಕಿರಿಯದು ಬಂದ ದಾರಿಗೇ ಮುಖ ತಿರುಗಿಸಿ ಬೊಂಬಿಗೆ ಅಂಟಿಕೊಂಡಿತ್ತು. ಅದರ ಬಾಲವನ್ನು ತಾನೇ ಕಚ್ಚಿ ಹಿಡಿದಳು. ಮಿಕ್ಕವೂ ತಿರುಗಿ ಅವಳ ಹಿಂದೆ ಬಂದವು. ಕಿರಿಯದು ನಡೆದದ್ದೇ ದಾರಿಯಾಯಿತು. ಅದು ಈಚೆ ದಡಕ್ಕೇ ಮರಳಿ, ಹತ್ತಿರದ ಹುಲ್ಲಿನ ಬಣವೆಗೆ ನುಗ್ಗಿತು. ರಜೆಯೆಲ್ಲ ಅಲ್ಲೇ ಕಳೆಯಿತು.

ತಿಂಗಳಾದ ಮೇಲೆ ಕಿರಿಯದನ್ನು ಮುಂದಿಟ್ಟುಕೊಂಡು ಸಾಲು ಮನೆಗೆ ಬಂತು.

"ಪರದೇಶ ಹೇಗಿತ್ತೇ?" ಎಂದು ನಿಂಗಿ ಊರಿಗೆಲ್ಲ ಕೇಳುವಂತೆ ಕೆಣಕಿದಳು.

ಸಾವಂತ್ರವ್ವನಿಗೆ ಒಳ್ಳೇ ಸುಳ್ಳೊಂದು ನಾಲಿಗೆಯ ತುದಿಗೇ ಬಂದಿತ್ತು. ಹೇಳಬೇಕಾದರೆ ಬಾಯಲ್ಲಿದ್ದ ಬಾಲ ಬಿಡಬೇಕು. ಅವಳು ಬಿಡಲಿಲ್ಲ.