ರಂಜಕದ ಅರ್ಥ

ನಾನು ಮೊದಲ ಸಲ ಮನೆ ಬಿಟ್ಟದ್ದು ಶೀಗಿಹುಣ್ಣಿಮೆ ದಿನ. ಊರೂರು ಸುತ್ತಿ ಧಾರವಾಡದ ಖಾನಾವಳಿಯೊಂದರಲ್ಲಿ ಬಡಿಸಲು ನಿಂತೆ. ಪದಾರ್ಥದ ಹೆಸರು ಕೂಗುತ್ತ ಬಡಿಸುವುದು ಅಲ್ಲಿನ ರೂಢಿ.

ತತ್ವಶಾಸ್ತ್ರದ ಇಟಗಿ ಪ್ರೊಫೆಸರರು ಪುಸ್ತಕದಿಂದ ಕಣ್ಣೆತ್ತದೆ, ಕೂಗು ಕೇಳಿಯೇ ಉಣ್ಣುವವರು. ಒಂದು ದಿನ ಅಂದರು: "ಶಬ್ದದ ಅರ್ಥ ನಮ್ಮ ಬಾಯಾಗಿಲ್ಲೋ ತಮ್ಮಾ, ಮ್ಯಾಲಿನ ಶಾಶ್ವತ ಲೋಕದಾಗ ಅದ. ಪ್ಲೇಟೋನ ಈ ಮಾತು ಇವತ್ತಿನ ಭಾಷಾಪಂಡಿತರನ್ನೂ ಬಿಟ್ಟಿಲ್ಲ. ಅರ್ಥ ಕಾಣದ ನೀ ಹೆಸರು ಕೂಗಬ್ಯಾಡ."

"ಇನ್ನ ಕೂಗಿದರ ಕೆಲಸ ಇಲ್ಲ," ಎಂದ ಮಾಲೀಕ, ಖಾಯಂ ಗಿರಾಕಿಯ ಮಾತು ಮೀರಲಾರದೆ.

ಮರುದಿನ ಬಾಯಿ ಮುಚ್ಚಿ ಬಡಿಸಿದೆ. ಪ್ರೊಫೆಸರರು ಕೆಂಪು ಮೆಣಸಿನಕಾಯಿಯ ರಂಜಕವನ್ನು ಗಜ್ಜರಿ ಹಲ್ವಾ ಎಂದುಕೊಂಡು ದೊಡ್ಡ ತುತ್ತು ಹಾಕಿದರು. ಕಣ್ಣು ಮೂಗು ಎರಡರಲ್ಲೂ ನೀರು ಹರಿಯಿತು.

"ರಂಜಕ ಅಂತ ಹೇಳಬಾರದೇನೋ?"

"ಅರ್ಥ ಮ್ಯಾಲಿನ ಲೋಕದಾಗ ಅದ ಅಂದಿದ್ರಲ್ರೀ ಸರ್. ನಿಮ್ಮ ಬಾಯಾಗ ಹೆಂಗ ಬಂತು?"

ಅಳುತ್ತಲೇ ನಕ್ಕರು. "ಮೊಸರು ತಾರೋ ಯಪ್ಪಾ, ಊರಿಗೆಲ್ಲ ಕೇಳೂಹಂಗ ಕೂಗಿಕೋತ ತಾ."

ಕೆಲಸ ಉಳಿಯಿತು. ಆದರೆ ಊರೂರು ಸುತ್ತುವ ಕಾಲು ಒಂದೆಡೆ ನಿಲ್ಲಬೇಕಲ್ಲ? ಸಂಜೆಗೇ ಗಂಟು ಕಟ್ಟತೊಡಗಿದೆ.