ದ್ಯಾವಕ್ಕ ಹುಡುಕಿದ ಗಂಟು

ಬಹಳ ಹಿಂದೆ, ಅದು ಯಾವ ಅರಸನ ಕಾಲವೆಂದು ಬಲ್ಲವರು ಯಾರೂ ಉಳಿಯದಷ್ಟು ಹಿಂದೆ, ಕಿಟ್ಟದಹಾಳು ಎಂಬ ಒಂದು ಊರಿತ್ತು. ಆ ಊರಿನವರು ಕೆಂಪು ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಊರಿಗೆ ಒಂದು ಬೇಸಗೆಯ ಕೊನೆಯಲ್ಲಿ ದ್ಯಾವಕ್ಕನೆಂಬ ವೈದ್ಯಗಿತ್ತಿ ಬಂದಳಂತೆ. ಬರುವಾಗಲೇ ದಣಿದಿದ್ದಳಂತೆ. ಊರೂರು ತಿರುಗಿ ಅವಳ ಕಾಲುಗಳು ಸವೆದಿದ್ದವು. ನರಳುವವರ ಮಾತು ಕೇಳಿ ಕೇಳಿ ಕಿವಿಯೂ ಸವೆದಿತ್ತು. ಅವಳಿಗೆ ಬೇಕಾಗಿದ್ದುದು ಒಂದಿಷ್ಟು ನೆರಳು, ಒಂದು ಚೊಂಬು ನೀರು, ನಾಡಿ ನೋಡೆಂದು ಯಾರೂ ಕೈ ಚಾಚದ ಒಂದು ಮಧ್ಯಾಹ್ನ.

ಆ ಮಧ್ಯಾಹ್ನ ಅವಳಿಗೆ ದಕ್ಕಲಿಲ್ಲ.

ಅವಳು ಕುಳಿತ ಮರದ ಎದುರಿಗೇ ಊರಿನ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಸುಗ್ಗಿಯಲ್ಲಿ ಎಲ್ಲರ ಜೋಳವನ್ನೂ ಅದರಲ್ಲಿ ತುಂಬಿ, ವರ್ಷವಿಡೀ ಮನೆಮನೆಗೆ ಅಳೆದು ಕೊಡುವುದು ಅಲ್ಲಿನ ಪದ್ಧತಿ. ಅಳೆಯುವ ಕೆಲಸ ಬಾಳವ್ವನೆಂಬ ವಿಧವೆಯದು. ಹಗೇವು ತುಂಬಿದ ದಿನ ಊರ ಹಿರಿಯನು ಅವಳ ಸೊಂಟವನ್ನು ಒಂದು ನೂಲಿನಿಂದ ಅಳೆದು, ಆ ನೂಲನ್ನು ತನ್ನಲ್ಲಿ ಇಟ್ಟುಕೊಳ್ಳುತ್ತಿದ್ದನು. ಮಳೆಗಾಲ ಮುಗಿದಾಗ ಅದೇ ನೂಲನ್ನು ಮತ್ತೆ ಸುತ್ತಿಸಬೇಕು. ತುದಿಗಳು ಕೂಡದಿದ್ದರೆ ಅವಳು ಊರಿನ ಪಾಲನ್ನು ಕದ್ದು ತಿಂದವಳು. ಅಂಥವಳನ್ನು ಗಡಿ ದಾಟಿಸಬೇಕು.

ಆ ವರ್ಷ ಬೆಳೆ ತೆಳುವಾಗಿತ್ತು. ಊರೆಲ್ಲ ಎಲುಬು ತೋರುತ್ತಿತ್ತು. ಬಾಳವ್ವನ ಮುಖ ಮಾತ್ರ ತುಂಬಿ ದುಂಡಗಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ಹೆಗಲ ಮೇಲೆ ಮಾಂಸ ಬೆಳೆದಿತ್ತು.

“ಏನ ಬಾಳವ್ವಾ, ಹಗೇವಿನ ಜ್ವಾಳ ಮೈಗೆ ಚಲೋ ಹತ್ತೇದ ನೋಡು!” ಎಂದು ಸೆರಗಿನಲ್ಲಿ ಜೋಳ ಹಿಡಿದ ಹೆಂಗಸೊಬ್ಬಳು ಕೆಣಕಿದಳು.

“ಒಪ್ಪೊತ್ತು ಉಂಡರೂ ಊದತೀನವ್ವಾ, ನಾ ಏನ ಮಾಡ್ಲಿ?” ಎಂದಳು ಬಾಳವ್ವ. ನೂಲಿನ ಭಯಕ್ಕೆ ಅವಳು ರಾತ್ರಿಯ ರೊಟ್ಟಿಯನ್ನು ಬಿಟ್ಟು ಎಷ್ಟೋ ದಿನವಾಗಿತ್ತು.

ಅಳೆದು ಮುಗಿಸಿದ ಬಾಳವ್ವ ಏಳಲು ಹೋದಳು, ಏಳಲಾಗಲಿಲ್ಲ. ನೆಲಕ್ಕೆ ಕೈ ಊರಿದಳು; ಆದರೂ ಆಗಲಿಲ್ಲ. ನೋಡಿದವರು ನಕ್ಕರು. ದ್ಯಾವಕ್ಕ ನಗಲಿಲ್ಲ. ಎದ್ದು ಹೋಗಿ ಅವಳ ಮುಂಗೈ ಹಿಡಿದು ಎತ್ತಿದಳು. ಆ ತೋಳು ಜಾಲಿಯ ಕೋಲಿನಂತೆ ಬಡವಾಗಿತ್ತು; ಹಿಡಿದ ಬೆರಳುಗಳ ಗುರುತು ಸಂಜೆಯೊಳಗೆ ಕಪ್ಪಿಟ್ಟಿತು. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಸೀಳುಗೆರೆಗಳಿದ್ದವು. ದ್ಯಾವಕ್ಕನಿಗೆ ಈ ರೋಗದ ಪರಿಚಯವಿತ್ತಂತೆ. ಹಿಂದೆ ಇದೇ ರೋಗದವರನ್ನು ಕಂಡು, ಮೂಲ ಸಿಗದೆ, ಅವರನ್ನು ಕಳೆದುಕೊಂಡಿದ್ದಳಂತೆ.

ಅವಳು ಊರ ಹಿರಿಯ ಮೋನಪ್ಪನಲ್ಲಿಗೆ ಹೋಗಿ, ಇದು ಕಳವಲ್ಲ, ಕಾಯಿಲೆ ಎಂದಳು.

ಮೋನಪ್ಪ ನಕ್ಕನು. “ಬ್ಯಾನಿ ಬಂದವರು ಒಣಗತಾರ ತಾಯಿ, ಉಬ್ಬೂದಿಲ್ಲ.”

“ಕದ್ದು ತಿಂದವಳ ತೋಳು ಹಂಗ ಕಟ್ಟಿಗಿ ಆಗ್ತಾವೇನಪ್ಪಾ?”

“ಹಂಗಾರ ಆ ಬ್ಯಾನಿ ಎಲ್ಲೈತಿ, ತೋರಿಸು. ನೂಲಿನ ದಿನದ ಒಳಗ ತೋರಿಸು. ಆಮ್ಯಾಲೆ ನಾ ಏನೂ ಮಾಡಾಕ ಬರೂದಿಲ್ಲ.”

ದ್ಯಾವಕ್ಕ ಮರದಡಿಯ ಗಂಟುಮೂಟೆಯನ್ನು ಬಾಳವ್ವನ ಗುಡಿಸಲಿಗೆ ತಂದಳು. ದೇಹದೊಳಗೆ ಎಲ್ಲೋ ಒಂದು ಸಣ್ಣ ಗಂಟು ಅಡಗಿದೆ, ಅದು ಒಂದು ರಸವನ್ನು ಒಸರುತ್ತದೆ, ಆ ರಸ ನೆತ್ತರಲ್ಲಿ ಬೆರೆತು ಮೈಯನ್ನೆಲ್ಲ ಆಳುತ್ತದೆ ಎಂದು ಅವಳು ಬಲ್ಲಳು. ಅದು ಅಡಗಿದ ಜಾಗವನ್ನು ಮಾತ್ರ ಅರಿಯಳು. ಮೊದಲು ತಲೆಯಲ್ಲಿ ಹುಡುಕಿದಳು: ಗಂಟು ತಲೆಯೊಳಗಿದ್ದರೆ ಓರೆನೋಟ ಮಂಕಾಗುತ್ತದೆ; ಕಣ್ಣಿನ ಎರಡು ಬದಿಗೂ ಬೆರಳು ಆಡಿಸಿ, ಬಾಳವ್ವನಿಗೆ ಓರೆಯಲ್ಲಿಯೂ ಸರಿಯಾಗಿ ಕಾಣುತ್ತದೆಂದು ತಿಳಿದು ತಲೆಯನ್ನು ಬಿಟ್ಟಳು. ಪಕ್ಕೆಗಳ ಕೆಳಗೆ ಒತ್ತಿದಳು. ಅಲ್ಲಿಯೂ ಏನೂ ಸಿಗಲಿಲ್ಲ. ದಿನಗಳು ಸರಿದವು. ಹುಡುಕುವವಳಿಗೂ ಸಾಕಾಯಿತು, ಹುಡುಕಿಸಿಕೊಳ್ಳುವವಳಿಗೂ ಸಾಕಾಯಿತು. ಬಿಟ್ಟುಬಿಡು, ಗಡಿಯಾಚೆಗೂ ನೆಲವಿದೆ ಎಂದು ಬಾಳವ್ವ ಗೋಡೆಗೆ ಮುಖ ತಿರುಗಿಸಿದಳಂತೆ.

ಆಗ ಮಳೆ ಹಿಡಿಯಿತು. ಕುಲುಮೆಗಳು ಆರಿದವು.

ಕಿಟ್ಟದಹಾಳಿನಲ್ಲಿ ಕೆಮ್ಮನ್ನು ಯಾರೂ ಕೆಮ್ಮೆಂದು ಎಣಿಸುತ್ತಿರಲಿಲ್ಲ. ಹೊಗೆಯಲ್ಲಿ ಹುಟ್ಟಿ ಹೊಗೆಯಲ್ಲಿ ಬೆಳೆದವರು; ಹುಟ್ಟಿದ ಕೂಸಿನಿಂದ ಮುದುಕರವರೆಗೆ ಎಲ್ಲರೂ ಕೆಮ್ಮುವವರೇ. ಹೊಗೆ ನಿಂತ ಮೇಲೆ ಒಂದೊಂದೇ ಮನೆ ಸುಮ್ಮನಾಯಿತು. ಒಂದು ಮುಂಜಾನೆ ದ್ಯಾವಕ್ಕ ಕಣ್ಣು ಬಿಟ್ಟಾಗ ಇಡೀ ಊರಿನಲ್ಲಿ ಒಂದೇ ಒಂದು ಕೆಮ್ಮು ಉಳಿದಿತ್ತು. ಅದು ಬಾಳವ್ವನದು.

ಹೊಗೆಯಿಲ್ಲದೆಯೂ ನಿಲ್ಲದ ಕೆಮ್ಮೆಂದರೆ ಗಂಟು ಎದೆಯಲ್ಲೇ ಇರಬೇಕೆಂದು ದ್ಯಾವಕ್ಕ ಕೆಮ್ಮಣ್ಣನ್ನು ನುಣ್ಣಗೆ ಕಲಸಿ ಅವಳ ಬೆನ್ನಿಗೂ ಎದೆಗೂ ತೆಳುವಾಗಿ ಬಳಿದಳು. ಆ ತಂಪಿನಲ್ಲಿ ಮಣ್ಣು ಎಲ್ಲೆಡೆ ಹಸಿಯಾಗಿಯೇ ಉಳಿಯಿತು. ಬಲಬೆನ್ನಿನ ಕೆಳಗೆ, ಎರಡು ಪಕ್ಕೆಲುಬುಗಳ ನಡುವೆ, ಅಂಗೈಯಗಲದ ಜಾಗ ಮಾತ್ರ ಒಳಗಿನ ಬಿಸಿಗೆ ಬಿಳಿಚಿ ಒಣಗಿತು. ಅಲ್ಲಿ ಕಿವಿಯಿಟ್ಟಳು. ಉಸಿರು ಎಲ್ಲೋ ತಡೆದು, ಸಣ್ಣಗೆ ಸಿಳ್ಳೆ ಹಾಕಿ ದಾಟುತ್ತಿತ್ತು.

ಎದೆ ಕೊಯ್ಯಬೇಕೆಂದಾಗ ಮೋನಪ್ಪ ಬೆಚ್ಚಿದನು. ಎದೆ ತೆರೆದರೆ ಉಸಿರು ನಿಲ್ಲುತ್ತದೆಯಲ್ಲ ಎಂದು ಕೇಳಿದನು. ನಿಲ್ಲುತ್ತದೆ, ಅದಕ್ಕೇ ಕುಲುಮೆಗೆ ಗಾಳಿ ಊದುವ ನಿನ್ನ ತಿದಿ ಬೇಕು ಎಂದಳು ದ್ಯಾವಕ್ಕ. ಹಾಗೆ ಕುಲುಮೆಯ ಚಿಕ್ಕ ತಿದಿಯನ್ನು ತೊಳೆದು ತಂದರಂತೆ. ಬಾಳವ್ವನಿಗೆ ಮೈಮರೆಯುವಂತೆ ಭಂಗಿ ಕುಡಿಸಿ, ಗಂಟಲಿಗೆ ಟೊಳ್ಳಾದ ಲಾಳದ ಕಡ್ಡಿ ಇಳಿಸಿ, ಅದಕ್ಕೆ ತಿದಿ ಕಟ್ಟಿದರಂತೆ. ಬೆಂಕಿಗೆ ಊದುವಂತೆ ಊದಬೇಡ, ಮಲಗಿದ ಮಗುವಿಗೆ ಊದುವಂತೆ ಊದು ಎಂದಳಂತೆ ದ್ಯಾವಕ್ಕ. ಮೋನಪ್ಪನೇ ಊದಿದನು; ಅವನ ಕೈ ಸೋತಾಗ, ಹಗೇವಿನ ಬಳಿ ನಕ್ಕವರು ಒಬ್ಬರಾದ ಮೇಲೊಬ್ಬರು ಬಂದು ಊದಿದರು. ಅವಳು ಕೊಯ್ದು ತೆಗೆದ ಗಂಟು ಬೋರೆಹಣ್ಣಿನ ಬೀಜದಷ್ಟಿತ್ತು ಎನ್ನುತ್ತಾರೆ. ನೀರಿಗೆ ಹಾಕಿದರೆ ಕಾದ ಕಬ್ಬಿಣದಂತೆ ಚುಂಯ್ ಎಂದಿತು ಎಂದೂ ಹೇಳುತ್ತಾರೆ. ಹೇಳುವವರು ಹೇಳಲಿ.

ಗಂಟು ಹೋದ ಮೇಲೆ ಬಾಳವ್ವ ಮತ್ತಷ್ಟು ಕುಸಿದಳು. ತಲೆ ಎತ್ತಲಾರಳು, ತುತ್ತು ನುಂಗಲಾರಳು. ಕಳವಿನ ಮಾತು ಹೋಯಿತು, ಜೀವವೂ ಹೋಗುತ್ತದೆ ಎಂದು ಜನ ಪಿಸುಗುಟ್ಟಿದರು. ದ್ಯಾವಕ್ಕ ಅವರಿಗೆ ತಿಳಿಸಿ ಹೇಳಿದಳು: ಆ ಗಂಟಿನ ಕಳ್ಳ ರಸ ಹರಿದು ಹರಿದು, ಇವಳ ಮೈ ತನ್ನ ರಸವನ್ನು ತಾನು ಹುಟ್ಟಿಸುವುದನ್ನೇ ಮರೆತಿದೆ, ಅದು ಮತ್ತೆ ಕಲಿಯಬೇಕು, ಕಲಿಯುವವರೆಗೆ ಅವಸರಪಡಿಸಬೇಡಿ. ಜ್ಯೇಷ್ಠಮಧುವಿನ ಬೇರು ಕುದಿಸಿದ ಉಪ್ಪಿನ ಗಂಜಿಯನ್ನು ಹೊತ್ತುಹೊತ್ತಿಗೆ ಅವಳ ಬಾಯಿಗೆ ಹನಿಸುತ್ತ ಕುಳಿತಳು.

ಅಷ್ಟರಲ್ಲಿ ನೂಲಿನ ದಿನ ಬಂತು. ಬಾಳವ್ವನ ಊತ ಇನ್ನೂ ಇಳಿದಿರಲಿಲ್ಲ. ಮಲಗಿದ್ದವಳ ಸೊಂಟಕ್ಕೆ ಮೋನಪ್ಪ ನೂಲು ಸುತ್ತಿದನು. ತುದಿಗಳು ಕೂಡಲಿಲ್ಲ. ಊರೆಲ್ಲ ಅವನ ಬಾಯಿಯನ್ನೇ ನೋಡಿತು. ಅವನು ನೂಲನ್ನು ಎಳೆದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದನು.

“ಮಳಿಗೆ ನೂಲು ಕುಗ್ಗೇತಿ,” ಎಂದನು.

ಯಾರೂ ನಗಲಿಲ್ಲ. ಯಾರೂ ಇಲ್ಲವೆನ್ನಲೂ ಇಲ್ಲ. ಆಮೇಲೆ ಅಲ್ಲಿ ಯಾರನ್ನೂ ನೂಲಿನಿಂದ ಅಳೆದಿಲ್ಲ.

ಬಾಳವ್ವ ನೆಲಕ್ಕೆ ಕೈ ಊರದೆ ಎದ್ದು ನಿಲ್ಲಲು ಮುಂದಿನ ಸುಗ್ಗಿ ಬರಬೇಕಾಯಿತು. ಅಂದೇ ದ್ಯಾವಕ್ಕ ಹೊರಟಳಂತೆ. ಇದ್ದು ವಿಶ್ರಾಂತಿ ಪಡೆಯೆಂದು ಊರು ಬೇಡಿತು. ಅವಳು ಒಪ್ಪಿಯೂ ಇದ್ದಳಂತೆ. ಅಷ್ಟರಲ್ಲಿ ನೆರೆಯೂರಿನಿಂದ ಯಾರೋ ಓಡಿ ಬಂದರು. ಅವಳು ಎಲ್ಲಿ ಮಣ್ಣಾದಳೆಂದು ತಿಳಿದವರಿಲ್ಲ. ಅವಳಿಗೆ ಗುಡಿಯಿಲ್ಲ, ಕಲ್ಲಿಲ್ಲ.

ಆದರೆ ಕಿಟ್ಟದಹಾಳಿನಲ್ಲಿ ಇಂದಿಗೂ, ಕಾಯಿಲೆಯಿಂದ ಉಳಿದುಕೊಂಡವರನ್ನು ಯಾರೂ ಕೆಲಸಕ್ಕೆ ಯಾವಾಗ ಬರುತ್ತೀ ಎಂದು ಕೇಳುವುದಿಲ್ಲ. ಇನ್ನೂ ಮಲಗಿದ್ದೀಯಾ ಎನ್ನುವುದೂ ಇಲ್ಲ. ಸರದಿಯ ಮನೆಯಿಂದ ಉಪ್ಪಿನ ಗಂಜಿ ಬರುತ್ತದೆ. ಮಲಗಿದವರು ಕುಡಿಯುತ್ತಾರೆ. ತಂದವರು ಸ್ವಲ್ಪ ಹೊತ್ತು ಬಳಿಯಲ್ಲಿ ಕುಳಿತು, ಬರಿದಾದ ಬಟ್ಟಲನ್ನು ಎತ್ತಿಕೊಂಡು, ಮಾತಿಲ್ಲದೆ ಎದ್ದು ಹೋಗುತ್ತಾರೆ.